ಚಾಸಿ 3851: ಒಂದು ಫೆರಾರಿ 250 ಜಿಟಿಓ ಯಾರ ಯಾರ ಕೈ ದಾಟಿ ಬಂತು?

ವಿ12_ಮೈಸೂರು:

ಫೆರಾರಿ 250 ಜಿಟಿಓ ಅಂದ ಕೂಡಲೇ ಮಾತು ಬೆಲೆಗೇ ಹೋಗುತ್ತದೆ. 2014ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್ ಹತ್ತಿರದ ಕ್ವೇಲ್ ಲಾಡ್ಜ್‌ನಲ್ಲಿ ಬಾನಮ್ಸ್‌ನವರು ಹರಾಜು ಹಾಕಿದ 3851 ಜಿಟಿ (ಚಾಸಿ, ಅಂದರೆ ಕಾರಿನ ಚೌಕಟ್ಟಿನ ಮೇಲೆ ಒತ್ತಿದ ನಂಬರೇ ಇಂಥ ಕಾರಿನ ಹೆಸರು), ಕಮಿಷನ್ ಸೇರಿ 3.81 ಕೋಟಿ ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 230 ಕೋಟಿ ರೂಪಾಯಿ. ಅಲ್ಲಿಯವರೆಗಿನ ಹರಾಜು ದಾಖಲೆ 2013ರಲ್ಲಿ ಮಾರಾಟವಾದ, ರೇಸರ್ ಫ್ಯಾಂಜಿಯೋ ಓಡಿಸಿದ ಮರ್ಸಿಡಿಸ್ ಡಬ್ಲ್ಯು196ರದ್ದು, ಅದು ಮುರಿಯಿತು. ಈ ಅಂಕಿ ಎಲ್ಲರ ಬಾಯಲ್ಲೂ ಇದೆ. 1962ರಲ್ಲಿ ತಯಾರಾದಾಗಿನಿಂದ ಆ ಹರಾಜಿನವರೆಗಿನ 52 ವರ್ಷ ಕಾರು ಯಾರ ಹತ್ತಿರ ಇತ್ತು, ಅವರು ಅದರಲ್ಲಿ ಏನು ಮಾಡಿದರು ಎಂಬುದನ್ನು ಕನ್ನಡದಲ್ಲಿ ಒಂದು ಕಡೆ ಬರೆದಿಡಬೇಕು ಅನ್ನಿಸಿ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1962ರಿಂದ 1964ರ ನಡುವೆ 3 ಲೀಟರ್ ಎಂಜಿನ್ನಿನ ಜಿಟಿಓ ತಯಾರಾದದ್ದು 36 ಮಾತ್ರ. ವಿನ್ಯಾಸ ಶುರು ಮಾಡಿದವರು ಜೊತ್ತೊ ಬಿಜ್ಜಾರಿನಿ. 1961ರ ಕೊನೆಯಲ್ಲಿ ಫೆರಾರಿ ಕಂಪನಿಯೊಳಗಿನ ಜಗಳದಲ್ಲಿ ಅವರೂ ಇನ್ನೂ ಕೆಲವು ಮುಖ್ಯಸ್ಥರೂ ಹೊರನಡೆದರು, ಕೆಲಸ ಮುಗಿಸಿದ್ದು ಆಗಿನ್ನೂ ಇಪ್ಪತ್ತಾರರ ಮಾವ್ರೊ ಫೋರ್ಗಿಯೇರಿ. ಅಲ್ಯುಮಿನಿಯಂ ಬಾಡಿಯನ್ನು ಮೊಡೆನಾದ ಸ್ಕಾಲ್ಯೆತ್ತಿ ಕಾರ್ಖಾನೆಯಲ್ಲಿ ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದರು, ಹಾಗಾಗಿ ಒಂದು ಇನ್ನೊಂದರಂತೆ ಇಲ್ಲ. 2953 ಸಿಸಿಯ, ಹನ್ನೆರಡು ಸಿಲಿಂಡರಿನ ವಿ12 ಎಂಜಿನ್, ಆರು ವೆಬರ್ ಕಾರ್ಬುರೇಟರ್, ಸುಮಾರು 300 ಅಶ್ವಶಕ್ತಿ, ಐದು ಗೇರ್. ದುಡ್ಡಿದ್ದ ಮಾತ್ರಕ್ಕೆ ಕಾರು ಸಿಗುತ್ತಿರಲಿಲ್ಲ, ಕೊಳ್ಳುವವನಿಗೆ ಎಂಜೊ ಫೆರಾರಿಯವರ ಒಪ್ಪಿಗೆ ಬೇಕಿತ್ತು.

3851 ತಯಾರಾದದ್ದು 1962ರ ಸೆಪ್ಟೆಂಬರ್‌ನಲ್ಲಿ. ಮೊದಲ ಮಾಲೀಕ ಫ್ರಾನ್ಸಿನ ರೇಸರ್ ಜೋ ಶ್ಲೆಸೆರ್. ಬೆಳ್ಳಿ ಬೂದು ಬಣ್ಣ, ನಡುವೆ ಫ್ರೆಂಚ್ ಬಾವುಟದ ಮೂರು ಬಣ್ಣದ ಪಟ್ಟಿ. ಅದೇ ತಿಂಗಳು ಟೂರ್ ದ ಫ್ರಾನ್ಸ್ ಕಾರ್ ರೇಸಿಗೆ ಇಳಿಸಿದರು. ಜೊತೆಗೆ ಓಡಿಸಿದವನು ಆನ್ರಿ ಓರೆಯೆ. ಇಬ್ಬರೂ ಸೇರಿ ಎರಡನೇ ಸ್ಥಾನ ತಂದರು. ಅಕ್ಟೋಬರ್ 7ರಂದು ಪ್ಯಾರಿಸ್ ಹತ್ತಿರದ ಮೋಂಲೇರಿ ಟ್ರ್ಯಾಕಿನಲ್ಲಿ ಇದೇ ಕಾರು ಓಡಿಸುತ್ತಾ ಓರೆಯೆ ತೀರಿಕೊಂಡ. ಕಾರು ಹುಟ್ಟಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ.

ಓರೆಯೆ ಈ ಕಾರಿನ ಮಾಲೀಕನಲ್ಲ, ಕಾಗದದಲ್ಲಿ ಅವನ ಹೆಸರಿಲ್ಲ. ಆದರೂ ಈ ಕಾರಿನ ಪಟ್ಟಿಯಲ್ಲಿ ಅವನ ಹೆಸರು ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾರುವವರು ಇಂಥ ಅಧ್ಯಾಯವನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅವನು ಯಾರು ಅಂತ ಯಾರಾದರೂ ಬರೆಯುತ್ತೀರಾ?

ಹಿಮದ_ಹಾದಿ:

ನಾನು ಬರೆಯುತ್ತೇನೆ. ಕೆಲಸದ ಮೇಲೆ ಆಲ್ಪ್ಸ್ ಕಡೆ ಇದ್ದೇನೆ, ಇಲ್ಲಿ ಸ್ಕೀಯಿಂಗ್ ತಿಳಿದವರಿಗೆ ಓರೆಯೆ ದೊಡ್ಡ ಹೆಸರು. ಬೆಳೆದದ್ದು ವಾಲ್ ದಿಸೇರ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಿರುದ್ಧ ಫ್ರೆಂಚ್ ಪ್ರತಿರೋಧ ಪಡೆಯಲ್ಲಿದ್ದ. 1948ರ ಸೇಂಟ್ ಮೊರಿಟ್ಜ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಮತ್ತು ಕಂಬೈನ್ಡ್ ಎರಡರಲ್ಲೂ ಚಿನ್ನ, ಸ್ಲಾಲಮ್‌ನಲ್ಲಿ ಕಂಚು. ಹಿಮ ಬಿಟ್ಟ ಮೇಲೆ ಕಾರಿಗೆ ಬಂದ. ಸಾಯುವಾಗ ವಯಸ್ಸು 36.

ಜೋ ಶ್ಲೆಸೆರ್ ಕಥೆಯೂ ಅಲ್ಲಿಗೇ ಹೋಗುತ್ತದೆ. 1968ರ ಜುಲೈನಲ್ಲಿ ರುಆಂನ ಫ್ರೆಂಚ್ ಗ್ರಾಂಪ್ರಿಯಲ್ಲಿ ಹೊಸ ಹೋಂಡಾ ಆರ್‌ಎ302 ಓಡಿಸುವಾಗ ಸತ್ತರು. ಅವರ ಗೆಳೆಯ ಗೀ ಲಿಜಿಯೆ ಆಮೇಲೆ ಸ್ವಂತ ಕಾರು ಕಟ್ಟಿದಾಗ ಪ್ರತಿ ಮಾಡೆಲ್ಲಿಗೂ ಶ್ಲೆಸೆರ್ ಇನಿಷಿಯಲ್ ಆದ 'ಜೆಎಸ್' ಇಟ್ಟರು. ಜೆಎಸ್5, ಜೆಎಸ್11 ಎಂದು ಫಾರ್ಮುಲಾ ಒನ್‌ನಲ್ಲಿ ಓಡಿದ ಲಿಜಿಯೆ ಕಾರುಗಳೆಲ್ಲ ಆ ಗೆಳೆತನದ ಗುರುತು.

ಗ್ಯಾರೇಜ್_ಹುಬ್ಬಳ್ಳಿ:

ಸರ, ಓದಿ ಮನಸ್ಸು ಭಾರ ಆತು. ಆದ್ರ ನಾ ಕೆಲಸಗಾರ, ನನ್ನ ಪ್ರಶ್ನೆ ಬ್ಯಾರೆ ಐತಿ. ಡ್ರೈವರ್ ಸಾಯೂವಷ್ಟು ದೊಡ್ಡ ಹೊಡೆತ ಬಿದ್ದ ಗಾಡಿ ಅಂದ್ರ ಬಾಡಿ ಪೂರ್ತಿ ಹೋಗಿರತೈತಿ, ಫ್ರೇಮಿನ ಪೈಪೂ ಬಾಗಿರತಾವ. ರಿಪೇರಿ ಮಾಡಿದ ಮ್ಯಾಲ ಅದನ್ನ 'ಅದೇ ಗಾಡಿ' ಅಂತ ಯಾವ ಲೆಕ್ಕದಾಗ ಹೇಳ್ತೀರಿ? ನಮ್ಮ ಕಡೆ ಎರಡು ಗಾಡಿ ಕತ್ತರಿಸಿ ಒಂದು ಮಾಡಿ ಒಂದರ ಆರ್‌ಸಿ ಮ್ಯಾಲ ಓಡಿಸಿದವರನ್ನ ಕಂಡೇವಿ. ಅದಕ್ಕ ಕೇಳಾಕತ್ತೀನಿ.

ವಿ12_ಮೈಸೂರು:

ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ. ಈ ಲೋಕದಲ್ಲಿ ಕಾರಿನ ಗುರುತು ನಿಂತಿರುವುದು ಚಾಸಿಯ ಪೈಪ್ ಚೌಕಟ್ಟಿನ ಮೇಲೆ, ಅದರ ಮೇಲೆ ಒತ್ತಿದ ನಂಬರಿನ ಮೇಲೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಇವಕ್ಕೂ ನಂಬರ್ ಇರುತ್ತದೆ, ಕಾರ್ಖಾನೆಯ ದಾಖಲೆಯಲ್ಲಿ ಬರೆದದ್ದಕ್ಕೆ ತಾಳೆಯಾಗಬೇಕು. ಬಾಡಿ ಮಾತ್ರ ಆ ಕಾಲಕ್ಕೇ ಬದಲಾಗುತ್ತಿತ್ತು. ಇವು ರೇಸ್ ಕಾರುಗಳು, ಗೋಡೆಗೆ ಹೊಡೆದರೆ ಬಡಿದು ಸರಿಮಾಡಿ ಮುಂದಿನ ವಾರ ಓಡಿಸುತ್ತಿದ್ದರು.

3413 ಜಿಟಿ ನೋಡಿ. ತಯಾರಾದ ಮೂರನೇ ಜಿಟಿಓ ಅದು. 1962ರ ಟಾರ್ಗಾ ಫ್ಲೋರಿಯೊ ರೇಸಿನ ಅಭ್ಯಾಸಕ್ಕೆ ಫಿಲ್ ಹಿಲ್ ಓಡಿಸಿದ್ದ. ಆಮೇಲೆ ಎದುವಾರ್ದೊ ಲುಆಲ್ದಿ ಗಬಾರ್ದಿ ಕೊಂಡು ಆ ವರ್ಷ ಇಟಲಿಯ ಜಿಟಿ ಚಾಂಪಿಯನ್‌ಶಿಪ್ ಗೆದ್ದ. ಮುಂದಿನ ಮಾಲೀಕರ ಕಾಲದಲ್ಲಿ ಸ್ಕಾಲ್ಯೆತ್ತಿಯವರೇ ಅದಕ್ಕೆ 1964ರ ಹೊಸ ಆಕಾರದ ಬಾಡಿ ಹಾಕಿದರು. ಹುಟ್ಟಿದಾಗಿನ ಬಾಡಿ ಇಲ್ಲ. ಆದರೂ 2018ರಲ್ಲಿ ಆರ್‌ಎಂ ಸದಬೀಸ್ ಹರಾಜಿನಲ್ಲಿ 4.84 ಕೋಟಿ ಡಾಲರ್ ಬಂತು. ಯಾರು, ಯಾವಾಗ, ಎಲ್ಲಿ ಬದಲಿಸಿದರು ಎಂಬುದು ಬರಹದಲ್ಲಿದ್ದರೆ ಅದು ಕಾರಿನ ಚರಿತ್ರೆ. ಬರಹದಲ್ಲಿ ಇಲ್ಲದಿದ್ದರೆ ಅದೇ ಬದಲಾವಣೆ ಮೋಸವೆಂದು ಕಾಣುತ್ತದೆ.

ಗ್ಯಾರೇಜ್_ಹುಬ್ಬಳ್ಳಿ:

ಹೌದ್ರಿ, ಈ ಮಾತು ಒಪ್ಪಿದೆ. ಮಾಡಿದ ಕಾರ್ಖಾನಿಯವರೇ ಆ ಕಾಲಕ್ಕ ರಿಪೇರಿ ಮಾಡ್ಯಾರ ಅಂದ್ರ ಅದಕ್ಕ ಒಂದು ತೂಕ ಐತಿ. ಮೂವತ್ತು ವರ್ಷದ ಮ್ಯಾಲ ಬ್ಯಾರೆ ಯಾರೋ ಹೊಸಾ ತಗಡು ಬಡದು ಹಳೇ ನಂಬರ್ ಹೊಡೆದ್ರ ಅದು ಬ್ಯಾರೆ. 3851ದ ಮುಂದಿನ ಕಥಿ ಹೇಳ್ರಿ.

ವಿ12_ಮೈಸೂರು:

ಅಪಘಾತದ ನಂತರ ಕಾರು ರಿಪೇರಿಯಾಗಿ 1963ಕ್ಕೆ ಪಾವೊಲೊ ಕೊಲೊಂಬೊ ಎಂಬ ಇಟಾಲಿಯನ್ ರೇಸರ್ ಕೈಗೆ ಬಂತು. (ವಿ12 ಎಂಜಿನ್ ವಿನ್ಯಾಸ ಮಾಡಿದ ಜೊಆಕ್ಕೀನೊ ಕೊಲೊಂಬೊ ಬೇರೆ, ಇವರು ಬೇರೆ.) ಇವರು ಇಳಿಸಿದ್ದು ಬೆಟ್ಟ ಏರುವ ರೇಸಿಗೆ. ತಿರುವು ತಿರುವಿನ ಘಾಟಿ ರಸ್ತೆಯಲ್ಲಿ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ. ಇಟಲಿಯಲ್ಲಿ ಆಗ ಅದಕ್ಕೆ ಭಾರಿ ಜನ ಸೇರುತ್ತಿತ್ತು. ಒಬ್ಬನನ್ನು ಕೊಂದ ಕಾರು ಅಂತ ಮೂಲೆಗೆ ಹಾಕದೆ ಮರುವರ್ಷವೇ ಅದನ್ನು ಗೆಲ್ಲುವ ಕಾರು ಮಾಡಿದರಲ್ಲ, ಕೊಲೊಂಬೊ ಹೆಸರನ್ನು ಯಾರೂ ನೆನೆಯದೇ ಇರುವುದು ನನಗೆ ಅನ್ಯಾಯ ಅನ್ನಿಸುತ್ತದೆ.

1964ರಲ್ಲಿ ಅದು ಎರ್ನೆಸ್ತೊ ಪ್ರಿನೋತ್ ಪಾಲಾಯಿತು.

ಹಿಮದ_ಹಾದಿ:

ಪ್ರಿನೋತ್! ಈ ಹೆಸರು ಇಲ್ಲಿ ಪ್ರತಿ ಚಳಿಗಾಲ ಕಣ್ಣಿಗೆ ಬೀಳುತ್ತದೆ. ಸ್ಕೀ ಇಳಿಜಾರಿನಲ್ಲಿ ರಾತ್ರಿಯೆಲ್ಲ ಹಿಮ ಹದ ಮಾಡುವ ದೊಡ್ಡ ಸರಪಳಿ ಚಕ್ರದ ಯಂತ್ರಗಳ ಮೇಲೆ ಬರೆದಿರುವುದು ಅದೇ. ಅವರು ಡೋಲೊಮೈಟ್ ಪರ್ವತದ ಒರ್ತಿಸೇಯಿ ಊರಿನವರು, 1960ರ ದಶಕದಲ್ಲಿ ಆ ಯಂತ್ರ ಕಟ್ಟಲು ಶುರು ಮಾಡಿದವರು. ಲೋಟಸ್ ಕಾರಿನಲ್ಲಿ ಫಾರ್ಮುಲಾ ಒನ್ ಕೂಡ ಪ್ರಯತ್ನಿಸಿದ್ದರು, 1962ರ ಇಟಾಲಿಯನ್ ಗ್ರಾಂಪ್ರಿಗೆ ಅರ್ಹತೆ ಸಿಗಲಿಲ್ಲ. ಸ್ಕೀ ಚಾಂಪಿಯನ್ ಸತ್ತ ಕಾರು ಎರಡು ವರ್ಷದೊಳಗೆ ಸ್ಕೀ ದಾರಿ ಹದ ಮಾಡುವವನ ಮನೆ ಸೇರಿತು. ಇದು ನನಗೆ ಗೊತ್ತಿರಲಿಲ್ಲ, ಮೈ ಜುಮ್ಮೆಂದಿತು.

ಕರಾವಳಿ_ರ‍್ಯಾಲಿ:

ಮಾರಾಯ್ರೆ, ಎಂಥ ಚೆಂದದ ಕಥೆ ಇದು. ಒಂದು ಸಂಶಯ ಉಂಟು. ಈ ಕೊಲೊಂಬೊ, ಪ್ರಿನೋತ್ ಎಲ್ಲ ಒಂದೊಂದೇ ವರ್ಷ ಇಟ್ಟುಕೊಂಡು ಮಾರಿದ್ದು ಯಾಕೆ? ಈಗ ಯಾರಾದ್ರೂ ಜಿಟಿಓ ಮಾರ್ತಾರಾ ಹಾಗೆ?

ವಿ12_ಮೈಸೂರು:

ಆಗ ಅದು ಹಳೆಯದಾಗುತ್ತಿದ್ದ ರೇಸ್ ಕಾರು, ಅಷ್ಟೇ. 1962, 63, 64 ಮೂರೂ ವರ್ಷ ಜಿಟಿ ಚಾಂಪಿಯನ್‌ಶಿಪ್ ಫೆರಾರಿ ಗೆದ್ದಿತು. ಅಷ್ಟರಲ್ಲಿ ಎಂಜಿನ್ ಡ್ರೈವರ್ ಹಿಂದಕ್ಕೆ ಹೋಗಿ ಫೆರಾರಿಯದೇ ಹೊಸ ಕಾರು 250 ಎಲ್‌ಎಂ ಬಂದಾಗಿತ್ತು, 1965ರಲ್ಲಿ ಅಮೆರಿಕದ ಶೆಲ್ಬಿಯವರ ಕೋಬ್ರಾ ಡೇಟೋನಾ ಚಾಂಪಿಯನ್ ಆಯಿತು. ಗೆಲ್ಲದ ರೇಸ್ ಕಾರಿಗೆ ಬೆಲೆ ಇಲ್ಲ. ಅದರಲ್ಲಿ ಮನೆಮಂದಿ ಕೂರುವಂತಿಲ್ಲ, ಒಳಗೆ ಕಾರ್ಪೆಟ್ ಇಲ್ಲ, ಸ್ಪೀಡೋಮೀಟರ್ ಕೂಡ ಇಲ್ಲ. ಎಂಜಿನ್ ಬಿಚ್ಚಿದರೆ ಖರ್ಚು ಮೈಮೇಲೆ.

ಹೀಗಿದ್ದಾಗ 1965ರಲ್ಲಿ ಅದನ್ನು ಕೊಂಡವರು ಫಾಬ್ರಿತ್ಸಿಯೊ ವಿಯೋಲಾತಿ. ಫೆರಾರೆಲ್ಲೆ ಎಂಬ ಖನಿಜ ನೀರಿನ ವ್ಯಾಪಾರದ ಮನೆತನ. ಹೇಳುವ ಬೆಲೆ 25 ಲಕ್ಷ ಲೀರಾ, ಅಂದರೆ ಸುಮಾರು 4,000 ಡಾಲರ್. ಆಗ ಡಾಲರಿಗೆ 4 ರೂಪಾಯಿ 76 ಪೈಸೆ ಇತ್ತು, ನಮ್ಮ ಲೆಕ್ಕದಲ್ಲಿ 19,000 ರೂಪಾಯಿ. ಅದೇ ದುಡ್ಡಿಗೆ ಇಟಲಿಯಲ್ಲಿ ಐದು ಫಿಯೆಟ್ 500 ಬರುತ್ತಿದ್ದವು. ಮನೆಯವರಿಗೆ ಗೊತ್ತಾಗದಂತೆ ರಾತ್ರಿ ಹೊತ್ತು ಓಡಿಸುತ್ತಿದ್ದೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರಂತೆ.

ಆಮೇಲೆ 45 ವರ್ಷ ಅವರು ಅದನ್ನು ಮಾರಲಿಲ್ಲ. 1970ರ ದಶಕದಲ್ಲಿ ಬೆಲೆ ಏರಿದಾಗ ಮಾರಲಿಲ್ಲ. 1989ರ ಹುಚ್ಚು ಉಬ್ಬರದಲ್ಲಿ ಬೇರೆ ಜಿಟಿಓಗಳು ಒಂದು ಕೋಟಿ ಡಾಲರ್ ದಾಟಿದಾಗಲೂ ಮಾರಲಿಲ್ಲ. 90ರ ದಶಕದಲ್ಲಿ ಅದೇ ಮಾರುಕಟ್ಟೆ ಕುಸಿದು ಕಾಲು ಭಾಗಕ್ಕೆ ಬಂದಾಗಲೂ ಗಾಬರಿಯಾಗಲಿಲ್ಲ. ಹಳೆ ಕಾರುಗಳ ರೇಸಿನಲ್ಲಿ ತಾವೇ ಓಡಿಸಿದರು. ಸ್ಯಾನ್ ಮರಿನೊದಲ್ಲಿ ಮರನೆಲ್ಲೊ ರೊಸ್ಸೊ ಎಂಬ ಮ್ಯೂಸಿಯಂ ಮಾಡಿ ಜನರಿಗೆ ತೋರಿಸಿದರು. 2010ರಲ್ಲಿ ತೀರಿಕೊಂಡರು. ಸಂಗ್ರಹ ಹರಾಜಿಗೆ ಬಂದದ್ದು ಅದಾದ ಮೇಲೆ.

ನಾನು ಹೇಳಬೇಕಾದದ್ದು ಇಷ್ಟೇ: ಆ 3.81 ಕೋಟಿ ಡಾಲರ್ ಕೊಟ್ಟವರು ಕೊಂಡದ್ದು ವಿಯೋಲಾತಿಯವರ ಆ 45 ವರ್ಷವನ್ನು. 1962ರಿಂದ 2014ರವರೆಗೆ ಎಲ್ಲೂ ಕತ್ತಲೆ ಇಲ್ಲ. ನಾಲ್ಕೇ ಮಾಲೀಕರು, ನಾಲ್ವರ ಹೆಸರೂ ಗೊತ್ತು.

ಬೆಂಗಳೂರು_ಇಂಡಿಕೇಟರ್:

ಒಪ್ಪಲ್ಲ ಸರ್, ಗೌರವ ಇಟ್ಟುಕೊಂಡೇ ಹೇಳ್ತೀನಿ. ಅದು ಶ್ರೀಮಂತರ ಮನೆ, ಮಾರುವ ಅಗತ್ಯ ಬೀಳಲಿಲ್ಲ, ಇಟ್ಟುಕೊಂಡರು. ಅದರಲ್ಲಿ ದೊಡ್ಡತನ ಏನಿದೆ? ಮತ್ತೆ ಬೆಲೆ ಬರೋದು 36ರಲ್ಲಿ ಒಂದು ಅನ್ನೋದಕ್ಕೆ. ಮಾಲೀಕ ಯಾರೇ ಆಗಿದ್ರೂ ಬರ್ತಿತ್ತು.

ವಿ12_ಮೈಸೂರು:

ಬರುತ್ತಿತ್ತು, ಅಷ್ಟೇ ಬರುತ್ತಿತ್ತೇ ಎಂಬುದು ಪ್ರಶ್ನೆ. 2023ರ ನವೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ 3765 ನಂಬರಿನ ಜಿಟಿಓ ಹರಾಜಾಯಿತು, 5.17 ಕೋಟಿ ಡಾಲರ್. ಮೊದಲು ಫೆರಾರಿ ಕಾರ್ಖಾನೆಯ ತಂಡವೇ ಓಡಿಸಿದ್ದು. 1962ರ ನೂರ್ಬರ್ಗ್‌ರಿಂಗ್ 1000 ಕಿಲೋಮೀಟರ್ ರೇಸಿನಲ್ಲಿ ಎರಡನೆಯದಾಗಿ ಬಂದದ್ದು. ಅದರ ಮಾಲೀಕರೂ 1985ರಿಂದ 38 ವರ್ಷ ಬಿಡದೆ ಇಟ್ಟುಕೊಂಡವರು. ಪಿಂಕ್ ಫ್ಲಾಯ್ಡ್‌ನ ಡ್ರಮ್ಮರ್ ನಿಕ್ ಮೇಸನ್ 1970ರ ದಶಕದ ಕೊನೆಯಲ್ಲಿ ಕೊಂಡ 3757, 1962ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಮೂರನೇ ಸ್ಥಾನದ ಕಾರು. ಅವರು ಅದನ್ನು ಮಾರಲಿಲ್ಲ, ರೇಸಿಗೂ ಇಳಿಸುತ್ತಾ ಬಂದರು. ಕೈ ಬದಲಾದಷ್ಟೂ ಬಿಡಿಭಾಗ ಚದುರುತ್ತದೆ, ಕಾಗದ ಕಳೆಯುತ್ತದೆ. ದುಡ್ಡಿದ್ದವರು ಎಷ್ಟೋ ಜನ ಇದ್ದರು. 60ರ ದಶಕದಲ್ಲಿ ಇಂಥ ಕಾರನ್ನು ಕೊಂಡು ಇಟ್ಟುಕೊಂಡವರು ಬೆರಳೆಣಿಕೆ.

ಕರಾವಳಿ_ರ‍್ಯಾಲಿ:

ನಿಮ್ಮ ಮಾತಿಗೆ ಉಲ್ಟಾ ಒಂದು ಉದಾಹರಣೆ ಕೊಡ್ತೇನೆ. 3589 ಜಿಟಿ ಅಂತ ಒಂದು ಉಂಟಲ್ವಾ? ಅದು ಅಮೆರಿಕದ ಟೆಕ್ಸಾಸ್‌ನಲ್ಲಿ ರೇಸ್ ಮುಗಿಸಿ, ವಿಕ್ಟೋರಿಯಾ ಅನ್ನೋ ಊರಿನ ಹೈಸ್ಕೂಲಿಗೆ ದಾನವಾಗಿ ಹೋಯಿತು. ಮೆಕ್ಯಾನಿಕ್ ಕೆಲಸ ಕಲಿಯುವ ಮಕ್ಕಳಿಗೆ ಅಂತ! 70ರ ದಶಕದಲ್ಲಿ ಶಾಲೆಯವರು ಮಾರಿದರು, 6,500 ಡಾಲರ್ ಅಂತೆ. ಕೊಂಡವರು ಒಹಾಯೊಗೆ ತಂದು ತೆರೆದ ಟ್ರೈಲರ್ ಮೇಲೆ ಹೊಲದಲ್ಲಿ ಬಿಟ್ಟರು. ಮಳೆ, ಹಿಮ, ಬಿಸಿಲು ಎಲ್ಲ ಅದರ ತಲೆ ಮೇಲೆ, 1986ರ ತನಕ. ಆಮೇಲೆ ಅದು ಯುರೋಪಿಗೆ ಹೋಗಿ ಸರಿಯಾಯಿತು, ಈಗ ಅದಕ್ಕೂ ಕೋಟಿ ಕೋಟಿ. ಪ್ರೀತಿಯಿಂದ ನೋಡಿಕೊಂಡದ್ದಕ್ಕೆ ಬೆಲೆ ಅಂದ್ರೆ ಇದಕ್ಕೆ ಏನು ಹೇಳ್ತೀರಿ?

ಗ್ಯಾರೇಜ್_ಹುಬ್ಬಳ್ಳಿ:

ಅಯ್ಯೋ ಶಿವನೇ, ವಿ12 ಎಂಜಿನ್ ಬಯಲಾಗ ಬಿಟ್ಟಾರ! ಆದ್ರ ಒಂದು ಮಾತು. ಹೊಲದಾಗ ನಿಂತ ಗಾಡಿಗೆ ಯಾರೂ ಕೈ ಹಚ್ಚಿರಂಗಿಲ್ಲ. ಎಂಜಿನ್ ಬಿಚ್ಚಿ ಬ್ಯಾರೆ ಗಾಡಿಗೆ ಹಾಕಿಲ್ಲ, ಸೀಟು ಬದಲಿ ಮಾಡಿಲ್ಲ. ಅಲ್ಯುಮಿನಿಯಂ ಬಾಡಿಗೆ ಕಬ್ಬಿಣದಂಗ ತುಕ್ಕು ಹಿಡಿಯಂಗಿಲ್ಲ, ಒಳಗಿನ ಕಬ್ಬಿಣದ ಪೈಪ್ ಫ್ರೇಮಿಗೆ ಹಿಡೀತೈತಿ, ಅದನ್ನ ಕೆಲಸಗಾರ ಸರಿ ಮಾಡಬಹುದು. ಕಳೆದುಹೋದ ಸಾಮಾನು ಮಾತ್ರ ಯಾವ ಕೆಲಸಗಾರನಿಂದಲೂ ಬರಂಗಿಲ್ಲ.

ವಿ12_ಮೈಸೂರು:

ಇದನ್ನೇ ಲಂಡನ್ನಿನ ನ್ಯಾಯಾಲಯದಲ್ಲೂ ನೋಡಿದೆವು. 4.4 ಕೋಟಿ ಡಾಲರ್‌ಗೆ ಒಂದು ಜಿಟಿಓ ಕೈ ಬದಲಾಯಿತು. ಆದರೆ ಅದರ ಹುಟ್ಟಿನ ಗೇರ್‌ಬಾಕ್ಸ್ ಯಾವತ್ತೋ ಬಿಚ್ಚಿ ಬೇರೆಯಾಗಿ, ಅಮೆರಿಕದಲ್ಲಿ ಮೂರನೆಯವರ ಹತ್ತಿರ ಇತ್ತು. ಅದನ್ನು ತಂದುಕೊಡುವ ಹೊಣೆ ಯಾರದ್ದು, ಖರ್ಚು ಯಾರದ್ದು ಎಂದು ಮಾರಿದವರು ಮತ್ತು ಕೊಂಡವರ ನಡುವೆ ಮೊಕದ್ದಮೆ ನಡೆದು 2021ರಲ್ಲಿ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಕಾರು ಬೇರೆ ಗೇರ್‌ಬಾಕ್ಸಿನಲ್ಲಿ ಚೆನ್ನಾಗಿಯೇ ಓಡುತ್ತದೆ. ಆದರೂ ನಂಬರ್ ತಾಳೆಯಾಗುವ ಆ ಒಂದು ಪೆಟ್ಟಿಗೆಗಾಗಿ ಅಷ್ಟು ಜಗಳ.

ಬೆಂಗಳೂರು_ಇಂಡಿಕೇಟರ್:

ಗೇರ್‌ಬಾಕ್ಸ್ ವಿಷಯ ಓದಿದ ಮೇಲೆ ನಿಮ್ಮ ವಾದಕ್ಕೆ ಸ್ವಲ್ಪ ಬಲ ಬಂತು ಅನ್ನಿಸ್ತಿದೆ. ಆದ್ರೂ ಒಂದು ಕೇಳ್ತೀನಿ, ಈ 'ನಾಲ್ಕೇ ಮಾಲೀಕರು' ಅನ್ನೋದನ್ನ ಯಾರು ಹೇಳಿದ್ದು? ಮಾರುವವರ ಕ್ಯಾಟಲಾಗನ್ನೇ ನಂಬಬೇಕಾ?

ಹಿಮದ_ಹಾದಿ:

ನಂಬಬೇಕಿಲ್ಲ. ಇಟಲಿಯಲ್ಲಿ 1927ರಿಂದ ಸಾರ್ವಜನಿಕ ವಾಹನ ನೋಂದಣಿ ಪುಸ್ತಕ ಇದೆ, ಎಲ್ಲರೂ 'ಪ್ರಾ' ಅನ್ನುತ್ತಾರೆ, ನಡೆಸುವುದು ಇಟಲಿಯ ಆಟೊಮೊಬೈಲ್ ಕ್ಲಬ್. ನಂಬರ್ ಪ್ಲೇಟ್ ಕೊಟ್ಟು ಶುಲ್ಕ ಕಟ್ಟಿದರೆ ಆ ಗಾಡಿಯ ಮಾಲೀಕರ ಸರಣಿ ದಿನಾಂಕ ಸಮೇತ ತೆಗೆದುಕೊಡುತ್ತಾರೆ. ಕೊಲೊಂಬೊ, ಪ್ರಿನೋತ್, ವಿಯೋಲಾತಿ ಮೂವರೂ ಇಟಲಿಯವರು, ಇಂಥವರ ವಿಷಯದಲ್ಲಿ ಈ ಪುಸ್ತಕ ದೊಡ್ಡ ಆಸರೆ. ಅದರ ಜೊತೆ ಫೆರಾರಿಯ ಕಾರ್ಖಾನೆ ದಾಖಲೆ, ರೇಸಿನ ಪ್ರವೇಶ ಪಟ್ಟಿ, ಆ ದಿನದ ಫೋಟೊ. ಈ ನಾಲ್ಕನ್ನು ಪಕ್ಕ ಪಕ್ಕ ಇಟ್ಟರೆ ಸುಳ್ಳು ನಿಲ್ಲುವುದು ಕಷ್ಟ. ಫೋಟೊದಲ್ಲಿ ಬಾನೆಟ್ಟಿನ ಗಾಳಿ ಕಿಂಡಿಯ ಆಕಾರ ನೋಡಿಯೇ ಯಾವ ಚಾಸಿ ಅಂತ ಹೇಳುವವರಿದ್ದಾರೆ. ಕೈಯಿಂದ ಬಡಿದ ಬಾಡಿಯ ಲಾಭ ಅದು.

ಬೆಂಗಳೂರು_ಇಂಡಿಕೇಟರ್:

ಸರಿ, ಇದು ನಂಬುವಂಥದ್ದು.

ಕರಾವಳಿ_ರ‍್ಯಾಲಿ:

2019ರಲ್ಲಿ ಬೊಲೊನ್ಯಾ ಕೋರ್ಟ್ ಜಿಟಿಓ ಆಕಾರವನ್ನೇ ಕಲಾಕೃತಿ ಅಂತ ಒಪ್ಪಿ, ಮೊಡೆನಾದ ಒಂದು ಕಂಪನಿ ಅದರ ನಕಲು ಮಾಡುವುದನ್ನು ತಡೆದದ್ದೂ ಇಲ್ಲಿ ಸೇರಬೇಕು. ನಕಲು ಕಾರು ರಸ್ತೆಗೆ ಬಂದ ಹಾಗೆಲ್ಲ ಅಸಲಿಯ ಸರಣಿ ತೋರಿಸುವ ಕಾಗದಕ್ಕೆ ತೂಕ ಜಾಸ್ತಿ.

ಮಂಡ್ಯ_ಪದ್ಮಿನಿ:

ಎಲ್ಲಾ ಓದ್ದೆ ಅಣ್ಣ. ನಮ್ಮನೇಲಿ ಇರೋದು ಫೆರಾರಿ ಅಲ್ಲ, ತಾತನ ಕಾಲದ ಫಿಯೆಟ್ 1100. ಅದೂ ಇಟಲಿ ವಿನ್ಯಾಸನೇ ತಾನೆ, ಬಾಂಬೆ ಪ್ರೀಮಿಯರ್ ಕಂಪನಿ ಮಾಡಿದ್ದು. ಹಳೇ ಮೈಸೂರು ರಾಜ್ಯದ ಎಂವೈ ನಂಬರು. ತಾತ ಇನ್ನೊಬ್ರಿಂದ ತಗೊಂಡಿದ್ದಂತೆ, ಅವರ ಹೆಸರು ಹಳೇ ಆರ್‌ಸಿ ಪುಸ್ತಕದಲ್ಲಿ ಮಸುಕಾಗಿದೆ. ವಿಂಟೇಜ್ ಅಂತ ರಿಜಿಸ್ಟರ್ ಮಾಡ್ಸಿದ್ರೆ ನಂಬರ್ ಬದಲಾಗೋಗುತ್ತಾ? ಆ ಹಳೇ ಪುಸ್ತಕ ಏನ್ಮಾಡ್ಲಿ?

ವಿ12_ಮೈಸೂರು:

ಬಹಳ ಸಂತೋಷವಾಯಿತು ತಮ್ಮಾ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರು, ಬೈಕುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಈಗಾಗಲೇ ನಂಬರ್ ಇರುವ ಗಾಡಿ ಆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ನಂಬರೇ ಇಲ್ಲದೆ ಹೊಸದಾಗಿ ನೋಂದಾಯಿಸುವ ಗಾಡಿಗೆ ನಡುವೆ 'ವಿಎ' ಅಕ್ಷರ ಇರುವ ನಂಬರ್ ಕೊಡುತ್ತಾರೆ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ಮರು ನೋಂದಣಿಗೆ 5,000. ಆಮೇಲೆ ದಿನಾ ಓಡಾಟಕ್ಕೆ, ಬಾಡಿಗೆಗೆ ಬಳಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆ ರಸ್ತೆಗೆ ತರಬಹುದು.

ಆ ಎಂವೈ ನಂಬರನ್ನು ಯಾವ ಕಾರಣಕ್ಕೂ ಬಿಡಬೇಡ. ಪುಸ್ತಕದ ಪ್ರತಿ ಪುಟವನ್ನೂ ಹಗಲು ಬೆಳಕಿನಲ್ಲಿ, ಸ್ವಲ್ಪ ಓರೆಯಾಗಿ ಹಿಡಿದು ಫೋಟೊ ತೆಗಿ, ಮಸುಕಾದ ಶಾಯಿ ಎಷ್ಟೋ ಸಲ ಹಾಗೆ ಕಾಣುತ್ತದೆ. ಮೂಲ ಪುಸ್ತಕವನ್ನು ಏಜೆಂಟರ ಕೈಗೆ ಕೊಟ್ಟು ಬಿಡಬೇಡ, ನೀನೇ ಹೋಗು.

ಗ್ಯಾರೇಜ್_ಹುಬ್ಬಳ್ಳಿ:

ತಮ್ಮಾ, ಇನ್ನೊಂದು ಕೆಲಸ ಮಾಡು. ಚಾಸಿ ನಂಬರಿನ ಮ್ಯಾಲ ಮರಳು ಕಾಗದ ತಿಕ್ಕಬ್ಯಾಡ, ಅಂಕಿ ಸವದು ಹೋಗತಾವ. ಸೀಮೆಎಣ್ಣಿ ಹಚ್ಚಿ ಅರಿವಿಲೆ ಒರಸು, ಆಮ್ಯಾಲ ತೆಳ್ಳನ ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗಿ. ಎಂಜಿನ್ ನಂಬರಿಂದೂ ಹಂಗ ತಗಿ. ಎರಡೂ ಹಾಳಿ ಮ್ಯಾಲ ತಾರೀಖು ಬರದು ಪುಸ್ತಕದ ಜೋಡಿ ಇಡು. ತಾತನಿಗೆ ಮಾರಿದವರ ಮನಿ ಮಂಡ್ಯದಾಗ ಇದ್ರ ಹೋಗಿ ಮಾತಾಡ್ಸು, ಗಾಡಿ ಮುಂದ ನಿಂತು ತಗಸ್ಕೊಂಡ ಫೋಟೊ ಅವರ ಹತ್ರ ಇದ್ದರೂ ಇರಬಹುದು.

ಮಂಡ್ಯ_ಪದ್ಮಿನಿ:

ಭಾನುವಾರನೇ ಹೋಗ್ತೀನಿ ಅಣ್ಣ. ಫೋಟೊ ಸಿಕ್ರೆ ಇಲ್ಲೇ ಹಾಕ್ತೀನಿ.